ಅನಿಲ ಸ್ಥಿರಾಂಕವೂ ನಮ್ಮತ್ತೆಯ ಕೊಳಗವೂ

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ಇನ್ನೊಬ್ಬಳನ್ನು ಪಿಯುಸಿ ರಸಾಯನಶಾಸ್ತ್ರದಲ್ಲಿ ಫೇಲು ಮಾಡಿಸುವುದು ಸುಲಭದ ಕೆಲಸವಲ್ಲ. ನಾನು ಮಾಡಿಸಿದ್ದೇನೆ. ಅದೂ ಊರವರ ಮಕ್ಕಳನ್ನಲ್ಲ, ಸ್ವಂತ ಮೊಮ್ಮಗಳನ್ನು. ಓದಿದವರು ತಪ್ಪು ಮಾಡಿದರೆ ಅದಕ್ಕೊಂದು ಕಾರಣ ಹೇಳಿಕೊಳ್ಳುತ್ತಾರೆ. ಓದದವರು ಮಾಡಿದರೆ, ಪಾಪ ಅವರಿಗೇನು ಗೊತ್ತು ಅಂತ ಜನರೇ ಬಿಟ್ಟುಬಿಡುತ್ತಾರೆ. ನನ್ನನ್ನೂ ಹಾಗೇ ಬಿಟ್ಟರು. ನನಗೆ ಅದು ಸರಿಬೀಳಲಿಲ್ಲ. ನಾನು ಮಾಡಿದ್ದು ಗೊತ್ತಿಲ್ಲದೆ ಮಾಡಿದ ತಪ್ಪಲ್ಲ. ನನಗಿಂತ ಚೆನ್ನಾಗಿ ಇದು ಯಾರಿಗೂ ಗೊತ್ತಿಲ್ಲ ಅಂದುಕೊಂಡು ಮಾಡಿದ ತಪ್ಪು. ಅದನ್ನು ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ.

ಗಿರಿಜ ನನ್ನ ಮಗ ವೆಂಕಟೇಶಪ್ಪನ ಮಗಳು. ಹತ್ತನೇ ಕ್ಲಾಸು ಪಾಸಾದ ವರ್ಷವೇ ನಂಗಲಿ ಕಡೆಯ ಒಬ್ಬ ಲಾರಿ ಡ್ರೈವರನಿಗೆ ಕೊಟ್ಟು ಮದುವೆ ಮಾಡಿದೆವು. ಸಂಬಂಧ ತಂದವನು ಹುಡುಗನಿಗೆ ಕುಡಿತವಿಲ್ಲ, ಬೀಡಿಯಿಲ್ಲ, ಎದುರುಮಾತಿಲ್ಲ ಅಂತ ಮೂರು ಸಲ ಹೇಳಿದ. ಮೂರೂ ನಿಜವೇ. ನಿದ್ದೆಯ ವಿಷಯ ನಾವೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮದುವೆಯಾದ ಹನ್ನೊಂದನೇ ತಿಂಗಳು ಆ ಹುಡುಗ ಸ್ಟೀರಿಂಗ್ ಹಿಡಿದುಕೊಂಡೇ ನಿದ್ದೆ ಹೋಗಿ, ರಸ್ತೆ ಬದಿಯಲ್ಲಿ ನಿಂತಿದ್ದ ಇನ್ನೊಂದು ಲಾರಿಗೆ ಗುದ್ದಿ ಅಲ್ಲೇ ಸತ್ತ. ತಿಥಿ ಮುಗಿದ ವಾರಕ್ಕೆ ಅವನ ಮನೆಯವರು ಹುಡುಗಿಯನ್ನೂ ಅವಳ ಟ್ರಂಕನ್ನೂ ಬಸ್ಸು ಹತ್ತಿಸಿ ಕಳಿಸಿದರು. ಕಂಡಕ್ಟರನು ಟ್ರಂಕಿಗೂ ಒಂದು ಟಿಕೇಟು ಹರಿದಿದ್ದ.

ಮನೆಗೆ ಬಂದವಳನ್ನು ಏನು ಮಾಡುವುದು ಅಂತ ಯಾರಿಗೂ ತೋಚಲಿಲ್ಲ. ಸೊಸೆ ರತ್ನಮ್ಮ ಅಳುತ್ತ ಕೂತಳು. ಡೈರಿಯವರು ಹಾಲು ತಗೊಳ್ಳುವ ಹೊತ್ತು ಮೀರುತ್ತದೆ ಅಂತ ನಾನೇ ಎಬ್ಬಿಸಿ ಕೊಟ್ಟಿಗೆಗೆ ಕಳಿಸಿದೆ. ಗಿರಿಜಳನ್ನು ಕೋಲಾರದ ಕಾಲೇಜಿಗೆ ಹಾಕು ಅಂತ ಮಗನಿಗೆ ಹೇಳಿದವಳೂ ನಾನೇ. ಇದರಲ್ಲಿ ಮರುಕವೇನೂ ಇರಲಿಲ್ಲ. ನಾನು ಮೂವತ್ತಕ್ಕೆ ಗಂಡನನ್ನು ಕಳೆದುಕೊಂಡು ಅಲ್ಲಿಂದೀಚೆಗೆ ಈ ಮನೆಯ ಸಗಣಿ ಬಾಚಿದವಳು. ಅಂಥವಳು ಒಂದು ಮನೆಗೆ ಒಬ್ಬಳು ಸಾಕು. ಪಿಯುಸಿ ಪಾಸಾದರೆ ಆಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಸೇರಬಹುದು ಅಂತ ಡೈರಿ ಸೆಕ್ರೆಟರಿ ಹೇಳಿದ್ದ. ಮಗ ಒಪ್ಪಿದ, ಆದರೆ ಒಂದು ಷರತ್ತು ಹಾಕಿ ಒಪ್ಪಿದ. ಫೇಲಾದರೆ ಮಾಲೂರಿನ ಇಟ್ಟಿಗೆ ಗೂಡಿನ ಮೇಸ್ತ್ರಿಗೆ ಕೊಡುವುದು. ಆ ಮೇಸ್ತ್ರಿಗೆ ನಲವತ್ತು ದಾಟಿತ್ತು, ಇಬ್ಬರು ಹೆಂಡಿರು ಸತ್ತಿದ್ದರು. ಹೇಗೆ ಸತ್ತರು ಅಂತ ಆ ಸಂಬಂಧ ತಂದವನನ್ನು ಕೇಳಿದೆ.

"ಜ್ವರ ಕಣಮ್ಮ" ಅಂದ.

"ಇಬ್ಬರಿಗೂನಾ?"

"ಹೂಂ, ಇಬ್ಬರಿಗೂನೂ" ಅಂದವನು ಎಲೆ ಅಡಿಕೆ ತಟ್ಟೆ ಎಲ್ಲಿದೆ ಅಂತ ನೋಡತೊಡಗಿದ.

ಗಿರಿಜ ಪಾಸಾಗಲೇಬೇಕು ಅಂತ ಆ ಗಳಿಗೆಯಲ್ಲೇ ನಾನು ತೀರ್ಮಾನ ಮಾಡಿದೆ. ತೀರ್ಮಾನ ಮಾಡಿದ ಮೇಲೆ ಸುಮ್ಮನೆ ಕೂರುವ ಜಾತಿ ನನ್ನದಲ್ಲ. ದಿನಾ ಸಂಜೆ ಅವಳು ಬಸ್ಸಿಳಿದು ಬಂದ ಮೇಲೆ ಇಬ್ಬರೂ ಹುಳುಮನೆಯ ಮುಂದೆ ಕೂತು ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದೆವು. ಸೊಪ್ಪು ಹೆಚ್ಚುತ್ತ ಅವಳು ಬಾಯಿಪಾಠ ಒಪ್ಪಿಸಬೇಕು. ನಾನು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ತಪ್ಪು ಹಿಡಿಯಬೇಕು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಅವಳು ಅದನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಳು. ಹಾಗಾಗಿ ಅರ್ಥವಾಗದಿದ್ದರೂ ನಾನು ಓದಬಲ್ಲವಳಾಗಿದ್ದೆ. ಅರ್ಥವಾಗದ್ದನ್ನು ಗಟ್ಟಿಯಾಗಿ ಓದುವವರಿಗೆ ನಮ್ಮಲ್ಲಿ ಪುರೋಹಿತರು ಅಂತ ಮರ್ಯಾದೆ ಇದೆ. ನನಗೆ ಆ ಮರ್ಯಾದೆಯೂ ಸಿಗಲಿಲ್ಲ.

ಒಂದು ಸಂಜೆ ಬಂದದ್ದು ಗಾಳಿಯ ಪಾಠ. ಐಡಿಯಲ್ ಗ್ಯಾಸ್ ಅಂತ ಒಂದಿದೆಯಂತೆ. ಅದರ ಕಣಗಳಿಗೆ ತೂಕವಿದ್ದರೂ ಅವು ಜಾಗ ಹಿಡಿಯುವುದಿಲ್ಲವಂತೆ, ಒಂದಕ್ಕೊಂದು ಸೆಳೆಯುವುದಿಲ್ಲವಂತೆ, ಎಷ್ಟು ಗುದ್ದಾಡಿದರೂ ಸುಸ್ತಾಗುವುದಿಲ್ಲವಂತೆ. ಇಂಥದ್ದು ಎಲ್ಲಿ ಸಿಗುತ್ತದೆ ಅಂತ ಕೇಳಿದೆ. "ಎಲ್ಲೂ ಸಿಗಲ್ಲ ಅಜ್ಜಿ, ಅಂದ್ಕೊಳ್ಳೋದಷ್ಟೇ" ಅಂದಳು. ಸಂಬಂಧ ತಂದವನು ವರ್ಣಿಸಿದ ಗಂಡು ನನಗೆ ನೆನಪಾಯಿತು. ಅವಳಿಗೂ ನೆನಪಾಯಿತೋ ಏನೋ, ಸ್ವಲ್ಪ ಹೊತ್ತು ಸೊಪ್ಪನ್ನು ಬಹಳ ಸಣ್ಣಗೆ ಹೆಚ್ಚಿದಳು.

ಆಮೇಲೆ ಹೇಳಿದಳು. "ಗಾಳಿ ಎಷ್ಟು ಒತ್ತುತ್ತೆ, ಎಷ್ಟು ಜಾಗ ಹಿಡಿಯುತ್ತೆ, ಎರಡನ್ನೂ ಗುಣಿಸ್ಬೇಕು. ಗಾಳಿ ಎಷ್ಟಿದೆ, ಎಷ್ಟು ಬಿಸಿ ಇದೆ ಅನ್ನೋದ್ರಿಂದ ಅದನ್ನ ಭಾಗಿಸ್ಬೇಕು. ಯಾವ ಗಾಳಿ ಆದ್ರೂ ಬರೋದು ಒಂದೇ ಉತ್ತರ. ಅದನ್ನ ಆರ್ ಅಂತಾರೆ, ಅನಿಲ ಸ್ಥಿರಾಂಕ. ಅದು ಬದಲಾಗಲ್ಲ ಅಜ್ಜಿ."

ನಾನು ಪುಸ್ತಕ ನೋಡಿದೆ. "ಬದಲಾಗಲ್ಲ ಅಂತೀಯ, ಮೂರು ಬರ್ದಿದ್ದೀಯಲ್ಲೇ?"

ನಿಜಕ್ಕೂ ಮೂರಿದ್ದವು. ಸೊನ್ನೆ ಪಾಯಿಂಟ್ ಸೊನ್ನೆ ಎಂಟು ಎರಡು ಒಂದು. ಎಂಟು ಪಾಯಿಂಟ್ ಮೂರು ಒಂದು ನಾಲ್ಕು. ಒಂದು ಪಾಯಿಂಟ್ ಒಂಬತ್ತು ಎಂಟು ಏಳು. ಮೊದಲನೆಯದರ ಮುಂದೆ ಲೀಟರ್ ಅಟ್ಮಾಸ್ಫಿಯರ್, ಎರಡನೆಯದರ ಮುಂದೆ ಜೂಲ್, ಮೂರನೆಯದರ ಮುಂದೆ ಕ್ಯಾಲೊರಿ. ಮೂರಕ್ಕೂ ಬಾಲದಲ್ಲಿ ಪರ್ ಮೋಲ್ ಪರ್ ಕೆಲ್ವಿನ್. ಈ ಕೆಲ್ವಿನ್ ಇನ್ನೊಂದು ತಾಪತ್ರಯ. ನಮ್ಮ ಹಾಗೆ ನೀರು ಗಡ್ಡೆಕಟ್ಟುವ ಕಡೆಯಿಂದ ಬಿಸಿಯನ್ನು ಎಣಿಸುವುದಿಲ್ಲವಂತೆ, ಇದಕ್ಕಿಂತ ಚಳಿ ಇಲ್ಲ ಅನ್ನುವ ಕಡೆಯಿಂದ ಎಣಿಸಬೇಕಂತೆ. ಇನ್ನೂರ ಎಪ್ಪತ್ಮೂರು ಕೂಡಿಸಿದರೆ ಸರಿಹೋಗುತ್ತದಂತೆ. ಅದನ್ನು ಗಿರಿಜ ಮರೆಯುತ್ತಿರಲಿಲ್ಲ. ಮರೆಯುತ್ತಿದ್ದುದು ಯಾವ ಲೆಕ್ಕಕ್ಕೆ ಯಾವ ಆರ್ ಅನ್ನುವುದನ್ನು. ಲೀಟರಿನ ಲೆಕ್ಕಕ್ಕೆ ಜೂಲಿನದು ಹಾಕುತ್ತಿದ್ದಳು, ಕ್ಯಾಲೊರಿಗೆ ಲೀಟರಿನದು. ಟೆಸ್ಟ್ ಪೇಪರಿನ ತುಂಬ ಕೆಂಪು ಗೀಟು. ಮೂರು ನಂಬರೂ ಬಾಯಿಗೆ ಬರುತ್ತವೆ, ಮುಂದಿನ ಹೆಸರುಗಳು ಮಾತ್ರ ಕೈಕೊಡುತ್ತವೆ ಅಂತ ಅವಳು ಕಣ್ಣೊರೆಸಿಕೊಂಡಳು.

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಒಂದೇ ಪದಾರ್ಥ, ಬೇರೆ ಅಳತೆ, ಬೇರೆ ನಂಬರು ಅನ್ನುವ ಈ ವಿಷಯದಲ್ಲಿ ನನಗಿರುವಷ್ಟು ಅನುಭವ ಆ ಕಾಲೇಜಿನ ಮೇಷ್ಟರಿಗೂ ಇರಲಾರದು.

ನನ್ನ ತವರು ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರು. ಹನ್ನೆರಡು ವರ್ಷಕ್ಕೆ ನನ್ನನ್ನು ಈ ಕಡೆಗೆ ಕೊಟ್ಟರು. ಹೆಣ್ಣನ್ನು ಮೊದಲ ಸಲ ಗಂಡನ ಮನೆಗೆ ಕಳಿಸುವಾಗ ಅವಳ ಪಾಲಿನ ರಾಗಿಯನ್ನೂ ಗಾಡಿಯಲ್ಲಿ ಕಳಿಸುವುದು ನಮ್ಮಲ್ಲಿದ್ದ ಪದ್ಧತಿ. ಮೊದಲ ವರ್ಷ ಅವಳು ಉಣ್ಣುವುದು ತವರಿನ ಮುದ್ದೆ ಅಂತ ಲೆಕ್ಕ. ಮಾತುಕತೆಯಲ್ಲಿ ಇಪ್ಪತ್ತು ಕೊಳಗ ಅಂತ ಆಗಿತ್ತು. ಅಪ್ಪ ಇಪ್ಪತ್ತು ಕೊಳಗ ಅಳೆದು, ಮೇಲೆ ಎರಡು ಬೊಗಸೆ ಸುರಿದು, ತಾನೇ ಗಾಡಿ ಹೊಡೆದುಕೊಂಡು ಬಂದ. ಅತ್ತೆ ಮೂಟೆ ಬಿಚ್ಚಿಸಿ, ಹಜಾರದಲ್ಲಿ ಚಾಪೆ ಹಾಸಿ, ತನ್ನ ಮನೆಯ ಕೊಳಗ ತಂದು ಅಳೆಯಲು ಕೂತಳು. ಒಂದು ಅನ್ನಬಾರದು ಅಂತ ಲಾಭ ಅಂದಳು, ಆಮೇಲೆ ಎರಡು, ಮೂರು, ನಾಲ್ಕು. ಹದಿನಾರಕ್ಕೆ ರಾಗಿ ಮುಗಿಯಿತು. ಹಜಾರದ ತುಂಬ ಜನ ಕೂತಿದ್ದರು. ಅತ್ತೆ ಚಾಪೆ ಕೊಡವಿದಳು, ಮೂಟೆ ತಿರುಗಿಸಿ ಕೊಡವಿದಳು, ಆಮೇಲೆ ನನ್ನ ಸೆರಗನ್ನೂ ಕೊಡವಿಸಿದಳು.

ಅಪ್ಪ, ನಮ್ಮ ಕೊಳಗ ಬೇರೆ ಇರಬಹುದು, ಹೋಗಿ ತರುತ್ತೇನೆ, ಅದರಲ್ಲಿ ಅಳೆದು ನೋಡಿ ಅಂದ. "ಕಂಡೋರ ಮನೆ ಅಳತೆ ನಮ್ಮ ಹೊಸ್ತಿಲು ದಾಟಬಾರದು. ಈ ಮನೇಲಿ ಇರೋದು ಇದೊಂದೇ ಕೊಳಗ" ಅಂದಳು ಅತ್ತೆ. ಬಡಿಸಿದ ಎಲೆಯ ಮುಂದಿನಿಂದ ಅಪ್ಪ ಎದ್ದುಬಿಟ್ಟ. ಗಾಡಿ ಹತ್ತುವಾಗ ನನ್ನನ್ನು ಕರೆದು, ಮನೆಯಲ್ಲಿ ಆಡುವ ತೆಲುಗಿನಲ್ಲಿ, "ನೇನು ದೊಂಗನಿ ಕಾದು ತಲ್ಲೀ" ಅಂದ. ನಾನು ಕಳ್ಳ ಅಲ್ಲ ಅಂತ, ಹನ್ನೆರಡು ವರ್ಷದ ಮಗಳಿಗೆ. ಮತ್ತೆ ಅವನು ಈ ಊರಿಗೆ ಕಾಲಿಡಲಿಲ್ಲ. ಸತ್ತಾಗ ಸುದ್ದಿ ಬಂದದ್ದು ಎಂಟು ದಿನ ಕಳೆದು. ಆಗ ಹೋಗಿ ಮಾಡುವುದೇನು ಅಂತ ಅತ್ತೆ ಕಳಿಸಲಿಲ್ಲ. ಮೂವತ್ತು ವರ್ಷ ಈ ಮನೆಯಲ್ಲಿ ನನ್ನ ಹೆಸರು ನಾಲ್ಕು ಕೊಳಗದ ಕಳ್ಳನ ಮಗಳು. ಸಾರಿಗೆ ಉಪ್ಪು ಕಡಿಮೆಯಾದರೂ ಅದೇ ಮಾತು.

ಅತ್ತೆ ಸತ್ತ ವರ್ಷ ತವರಿಗೆ ಹೋಗಿ, ಅಟ್ಟದ ಮೇಲಿದ್ದ ಅಪ್ಪನ ಕೊಳಗವನ್ನು ಹೊತ್ತುಕೊಂಡು ಬಂದೆ. ಒಂದರಿಂದ ಒಂದಕ್ಕೆ ರಾಗಿ ಸುರಿದು ನೋಡಿದೆ. ಅಲ್ಲಿಯದು ಎಂಟು ಸೇರು, ಇಲ್ಲಿಯದು ಹತ್ತು. ಅಲ್ಲಿಯ ಇಪ್ಪತ್ತು ಅಂದರೆ ಇಲ್ಲಿಯ ಹದಿನಾರು. ಒಂದು ಕಾಳೂ ಕಡಿಮೆ ಇರಲಿಲ್ಲ. ಹೇಳೋಣ ಅಂದರೆ ಕೇಳಬೇಕಾದವರೆಲ್ಲ ಸತ್ತಿದ್ದರು. ಎದುರು ಮನೆಯವಳಿಗೆ ಹೇಳಿದೆ. ಅವಳು "ಹೌದಾ" ಅಂದು ಕೊತ್ತಂಬರಿ ಸೊಪ್ಪು ಕೇಳಿದಳು. ಎರಡು ಕೊಳಗವನ್ನೂ ಹಿತ್ತಲಿಗೆ ಎಸೆದೆ. ಒಂದರಲ್ಲಿ ಕೋಳಿ ನೀರು ಕುಡಿದವು, ಇನ್ನೊಂದರಲ್ಲಿ ಬೂದಿ ತುಂಬಿದೆವು. ಅಷ್ಟರಲ್ಲಿ ಸರ್ಕಾರದ ಲೀಟರೂ ಬಂದಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ಅಳತೆ.

ಇದನ್ನೆಲ್ಲ ಗಿರಿಜಳಿಗೆ ಹೇಳಿ ಕೊನೆಗೆ ಬುದ್ಧಿವಾದ ಹೇಳಿದೆ. "ಮೂರು ಮೂರು ಅಳತೆ ಇಟ್ಕೊಂಡೋರ ಮನೆ ಉದ್ಧಾರ ಆಗಲ್ಲ ಕಣೇ. ಒಂದನ್ನ ಇಟ್ಕೊ, ಮಿಕ್ಕಿದ್ದು ಹೊಡ್ದುಹಾಕು. ಲೀಟರಿಂದು ಇರ್ಲಿ, ಡೈರಿಯೋರೂ ಅದರಲ್ಲೇ ಅಳೀತಾರೆ."

"ಹೊಡ್ದುಹಾಕಿದ್ರೆ ನಡೆಯುತ್ತಾ ಅಜ್ಜಿ?"

"ಆರ್ ಒಂದೇ ಅಂತ ನೀನೇ ತಾನೇ ಹೇಳಿದ್ದು?"

ಅವಳು ಇಂಕ್ ಪೆನ್ನಿನಲ್ಲಿ ಜೂಲಿನ ಸಾಲನ್ನೂ ಕ್ಯಾಲೊರಿಯ ಸಾಲನ್ನೂ ಕಾಣದ ಹಾಗೆ ಗೀಚಿ ಹಾಕಿದಳು. ಅಲ್ಲಿಂದ ಮೂರು ತಿಂಗಳು ಲೆಕ್ಕವೆಲ್ಲ ಸರಿಯಾಗಿ ಬಂತು. ಎಲ್ಲವನ್ನೂ ಲೀಟರಿಗೆ, ಅಟ್ಮಾಸ್ಫಿಯರಿಗೆ ಇಳಿಸಿಕೊಳ್ಳುವುದು, ಆ ಒಂದೇ ನಂಬರು ಹಾಕುವುದು. ಕೆಂಪು ಗೀಟು ನಿಂತುಹೋಯಿತು. ಡೈರಿ ಮುಂದಿನ ಸಾಲಿನಲ್ಲಿ ಕ್ಯಾನು ಹಿಡಿದು ನಿಂತಾಗ ನಾನು ರಸಾಯನಶಾಸ್ತ್ರದ ಬಗ್ಗೆ ಅಭಿಪ್ರಾಯ ಹೇಳತೊಡಗಿದೆ. ಜನ ಕೇಳುತ್ತಿದ್ದರು. ಕ್ಯಾನು ಬಿಟ್ಟು ಹೋಗುವ ಹಾಗಿರಲಿಲ್ಲವಲ್ಲ.

ಫಲಿತಾಂಶ ಬಂತು. ಬೇರೆಲ್ಲದರಲ್ಲೂ ಪಾಸು, ರಸಾಯನಶಾಸ್ತ್ರದಲ್ಲಿ ಮೂವತ್ತೆರಡು. ಪಾಸಾಗಲು ಮೂವತ್ತೈದು ಬೇಕು. ಗಿರಿಜ ಅಳಲಿಲ್ಲ. ಪುಸ್ತಕಗಳನ್ನು ಗಂಡನ ಮನೆಯಿಂದ ಬಂದ ಅದೇ ಟ್ರಂಕಿಗೆ ಹಾಕಿ ಬೀಗ ಹಾಕಿದಳು. ಮಗ ಏನೂ ಬಯ್ಯಲಿಲ್ಲ. "ಶುಕ್ರವಾರ ಮೇಸ್ತ್ರಿ ಕಡೆಯೋರು ಬರ್ತಾರೆ" ಅಂದ, ಅಷ್ಟೇ. ಬಯ್ದಿದ್ದರೆ ತಿರುಗಿಸಿ ಬಯ್ಯಬಹುದಿತ್ತು.

ಮಾರನೆಯ ದಿನ ಬೆಳಿಗ್ಗೆ ಪ್ರಶ್ನೆಪತ್ರಿಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೋಲಾರದ ಬಸ್ಸು ಹತ್ತಿದೆ. ಅದರ ಹಿಂದುಗಡೆ ಗಿರಿಜ ತಾನು ಬರೆದ ಉತ್ತರಗಳನ್ನೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದಳು. ಕೆಮಿಸ್ಟ್ರಿ ಮೇಷ್ಟರು ಮೈಸೂರಿನ ಕಡೆಯ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಎದ್ದು ನಿಂತು ಸ್ಟೂಲು ಕೊಟ್ಟರು. ಪತ್ರಿಕೆ ತಿರುವಿ ಒಂದು ಕಡೆ ಬೆರಳಿಟ್ಟರು.

"ಇಲ್ಲೇ ಹೋಗಿರೋದು ನೋಡಿ, ಐದು ಮಾರ್ಕು. ಒಂದು ಮೋಲ್ ಅನಿಲ, ಇಪ್ಪತ್ತೇಳು ಡಿಗ್ರಿ, ಅದರ ಚಲನಶಕ್ತಿ ಎಷ್ಟು ಜೂಲು ಅಂತ ಕೇಳಿದಾರೆ. ಮೂರು ಸಾವಿರದ ಏಳ್ನೂರ ನಲವತ್ತೊಂದು ಬರಬೇಕು. ಇವಳು ಮೂವತ್ತಾರು ಪಾಯಿಂಟ್ ಒಂಬತ್ತು ಅಂತ ಬರ್ದಿದಾಳೆ."

"ಅಷ್ಟೊಂದು ಕಮ್ಮಿ ಬರ್ದುಬಿಟ್ಲಾ?"

ಮೇಷ್ಟರು ಸೀಮೆಸುಣ್ಣ ತಗೊಂಡು ಮೇಜಿನ ಮೇಲೇ ಏನೋ ಗುಣಿಸಿದರು. ಅವರ ಮುಖ ಒಂಥರಾ ಆಯಿತು. "ಕಮ್ಮಿ ಅಂತಲ್ಲ ಅಜ್ಜಿ. ಲೀಟರ್ ಅಟ್ಮಾಸ್ಫಿಯರ್‌ನಲ್ಲಿ ಅಳೆದ್ರೆ ಮೂವತ್ತಾರು ಪಾಯಿಂಟ್ ಒಂಬತ್ತೇ ಸರಿ. ಎರಡೂ ಅದೇ ಶಕ್ತಿ. ಆದರೆ ಅದರ ಪಕ್ಕ ಜೂಲು ಅಂತ ಬರ್ದುಬಿಟ್ಟಿದಾಳೆ. ಜೂಲು ಕೇಳಿದ್ರೆ ಜೂಲಿನ ಆರ್ ಹಾಕಬೇಕು. ಅದು ಅವಳಿಗೆ ಬರ್ತಿತ್ತಲ್ಲ, ಮೊದಮೊದಲು ಮೂರೂ ಹೇಳ್ತಿದ್ಲು!"

ಮೇಷ್ಟರು ಕೊಟ್ಟ ಸ್ಟೂಲಿನ ಮೇಲೆ ನಾನು ಆಗ ಕೂತೆ. ಪದಾರ್ಥ ಕಡಿಮೆ ಇರಲಿಲ್ಲ, ಕೊಳಗ ಬೇರೆ. ಇದನ್ನು ಲೋಕದಲ್ಲಿ ಒಬ್ಬಳು ತಿಳಿದಿರಬೇಕಾಗಿದ್ದರೆ ಅದು ನಾನು. ಮೂವತ್ತು ವರ್ಷ ಬೈಸಿಕೊಂಡು ಕಲಿತ ಪಾಠ. ಕಲಿತು ನಾನು ಮಾಡಿದ್ದೇನು? ಕಂಡೋರ ಅಳತೆ ಹೊಸ್ತಿಲು ದಾಟಬಾರದು ಅಂತ ಅತ್ತೆ ಹೇಳಿದಳು. ನಾನು ಮೊಮ್ಮಗಳ ಪುಸ್ತಕದೊಳಗಿದ್ದ ಎರಡನ್ನೂ ಹೊರಗೆ ಹಾಕಿಸಿದೆ. ಅತ್ತೆಯಾದರೂ ನಾಲ್ಕು ಕೊಳಗಕ್ಕೆ ಜಗಳ ತೆಗೆದಿದ್ದಳು. ನಾನು ಒಂದು ಹುಡುಗಿಯನ್ನು ಇಟ್ಟಿಗೆ ಗೂಡಿನ ಬಾಗಿಲಿಗೆ ತಂದು ನಿಲ್ಲಿಸಿದ್ದೆ.

"ತಪ್ಪು ಅವಳದಲ್ಲ ಸ್ವಾಮಿ, ನಂದು. ಬರ್ದುಕೊಡ್ತೀನಿ. ನನ್ನನ್ನ ಫೇಲು ಮಾಡಿ ಅವಳನ್ನ ಪಾಸು ಮಾಡಕ್ಕಾಗುತ್ತಾ?"

"ನೀವು ಪರೀಕ್ಷೆಗೆ ಕಟ್ಟೇ ಇಲ್ವಲ್ಲ ಅಜ್ಜಿ" ಅಂದರು ಮೇಷ್ಟರು. ತಮಾಷೆಗೆ ಅಂದದ್ದಲ್ಲ, ಪಾಪ, ನಿಯಮ ಹೇಳಿದ್ದು. ಆಮೇಲೆ, ಅಕ್ಟೋಬರಿನಲ್ಲಿ ಇನ್ನೊಂದು ಪರೀಕ್ಷೆ ಇದೆ, ಲೆಕ್ಕ ಮಾಡುವ ಮೊದಲು ಯಾವ ಅಳತೆಯಲ್ಲಿ ಕೇಳಿದ್ದಾರೆ ಅಂತ ನೋಡಿಕೊಂಡು ಆರ್ ಹಾಕಲಿ, ಅಷ್ಟೇ ಸಾಕು, ಹುಡುಗಿ ಪಾಸಾಗುತ್ತಾಳೆ ಅಂದರು.

ಮನೆಗೆ ಬಂದು, ಮಗ, ಸೊಸೆ, ಗಿರಿಜ ಮೂವರನ್ನೂ ಹಜಾರದಲ್ಲಿ ಕೂರಿಸಿ ನಡೆದದ್ದು ಹೇಳಿದೆ. ತಪ್ಪು ನಂದು ಅಂದೆ. ಮಗ ನನ್ನ ಹಣೆ ಮುಟ್ಟಿ ನೋಡಿ, "ಏನಮ್ಮ, ಮೈ ಹುಷಾರಿಲ್ವಾ?" ಅಂದ.

"ಮೈ ನೆಟ್ಟಗಿದೆ. ಮೇಸ್ತ್ರಿಗೆ ಬರಬೇಡ ಅಂತ ಹೇಳಿಕಳಿಸು. ಅಕ್ಟೋಬರ್ ಆಗ್ಲಿ."

"ಆವಾಗ್ಲೂ ಫೇಲಾದ್ರೆ?"

"ಆವಾಗ ನನ್ನನ್ನೇ ಕೊಡು ಮೇಸ್ತ್ರಿಗೆ. ಜ್ವರ ಬರ್ಸೋದು ಯಾರಿಗೆ ಯಾರು ಅಂತ ನೋಡೋಣ."

ಗಿರಿಜ ಎದ್ದು ಟ್ರಂಕಿನ ಬೀಗ ತೆಗೆದಳು. ನನ್ನ ಮೇಲೆ ಕೋಪ ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು, "ಪರೀಕ್ಷೆ ಹಾಲಲ್ಲಿ ಇನ್ನೊಂದು ಆರ್ ಇದೆ ಅಂತ ನೆನಪಾಯ್ತು ಅಜ್ಜಿ. ಎಷ್ಟು ತಿಣುಕಿದ್ರೂ ಇಂಕ್ ಗೀಚಿದ್ದೇ ಕಣ್ಮುಂದೆ ಬರ್ತಿತ್ತು, ನಂಬರು ಬರ್ಲಿಲ್ಲ" ಅಂದಳು. ಆಮೇಲೆ, ದನಿ ಒಂಚೂರೂ ಎತ್ತದೆ, "ಅಕ್ಟೋಬರ್ ಮುಗಿಯೋ ತನಕ ನಾನು ಓದೋವಾಗ ನೀನು ತೋಟದಲ್ಲಿರು" ಅಂದಳು. ಇದ್ದೆ. ಐದು ತಿಂಗಳು ಸೊಪ್ಪು ಕೊಯ್ಯುವ ನೆಪದಲ್ಲಿ ತೋಟದಲ್ಲಿ ಗಡೀಪಾರು. ಆ ವರ್ಷ ನಮ್ಮ ತೋಟದಲ್ಲಿದ್ದಷ್ಟು ಕಡಿಮೆ ಕಳೆ ಸುತ್ತ ನಾಲ್ಕು ಹಳ್ಳಿಯಲ್ಲಿ ಇರಲಿಲ್ಲ.

ಪಾಸಾದಳು. ಐವತ್ತೊಂದು ಬಂತು. ಮಾರನೆಯ ವರ್ಷ ತರಬೇತಿಗೆ ಸೇರಿದಳು. ಮೇಸ್ತ್ರಿ ಅಷ್ಟರಲ್ಲಿ ಶ್ರೀನಿವಾಸಪುರದ ಕಡೆಯಿಂದ ಒಬ್ಬಳನ್ನು ಮದುವೆ ಮಾಡಿಕೊಂಡಿದ್ದ. ನಮ್ಮ ಹುಡುಗಿ ತಪ್ಪಿಸಿಕೊಂಡಳು ಅಂತ ನಾನು ನಿಟ್ಟುಸಿರು ಬಿಟ್ಟೆ. ಆ ಹುಡುಗಿಯ ಮನೆಯವರಿಗೆ ಒಂದು ಮಾತು ಹೇಳಿಕಳಿಸಬಹುದಿತ್ತು. ಕಳಿಸಲಿಲ್ಲ. ಅದಕ್ಕೆ ನನ್ನ ಹತ್ತಿರ ಯಾವ ಕಾರಣವೂ ಇಲ್ಲ.

ಮೊನ್ನೆ ಗಿರಿಜ ರಜಕ್ಕೆ ಬಂದಿದ್ದಳು. ನರ್ಸುಗಳ ಬಿಳಿ ಸೀರೆ ಉಟ್ಟು ಮೊದಲು ಬಂದಾಗ ನನಗೆ ನನ್ನನ್ನೇ ನೋಡಿದ ಹಾಗಾಗಿ ಮುಖ ತಿರುಗಿಸಿದ್ದೆ, ಈಗ ರೂಢಿಯಾಗಿದೆ. ಎರಡು ತಿಂಗಳಿಂದ ನನಗೆ ಕೆಮ್ಮು. ಡಾಕ್ಟರು ಒಂದು ಬಾಟಲಿ ಔಷಧ ಕೊಟ್ಟಿದ್ದರು. ಊಟವಾದ ಮೇಲೆ ನಾನು ಅದನ್ನು ಬಗ್ಗಿಸಿಕೊಳ್ಳುವಾಗ ಅವಳು ಬಂದು ನನ್ನ ಕೈ ಹಿಡಿದಳು.

"ದಿನಾ ಇದರಲ್ಲೇ ಕುಡೀತಿದ್ಯಾ?"

"ಮೂರು ಹೊತ್ತು ಒಂದೊಂದು ಚಮಚ ಅಂದ್ರು. ಇದು ಚಮಚ ತಾನೇ?"

"ಇದು ಸಾಂಬಾರು ಬಡಿಸೋ ಚಮಚ ಅಜ್ಜಿ. ಬಾಟ್ಲಲ್ಲಿ ಐದು ಎಂಎಲ್ ಅಂತ ಬರ್ದಿದೆ. ಇದು ಅಂಥದ್ದು ನಾಲ್ಕು ಹಿಡಿಯುತ್ತೆ. ಅದಕ್ಕೇ ನೀನು ದಿನವೆಲ್ಲ ತೂಕಡಿಸೋದು." ಬಾಟಲಿಯ ಮುಚ್ಚಳದಲ್ಲಿ ಗೀಟಿನವರೆಗೆ ಹಾಕಿ, ಬಾಯಿ ತೆರೆಯಿಸಿ, ತಾನೇ ಕುಡಿಸಿದಳು. ಚಮಚವನ್ನು ಅಡುಗೆಮನೆಗೆ ವಾಪಸು ಕಳಿಸಿದಳು.

ಮೂರನೇ ದಿನಕ್ಕೆ ನನ್ನ ತಲೆ ತಿಳಿಯಾಯಿತು. ಹಾಲಿನ ಕ್ಯಾನು ಸರಿಯಾಗಿ ತೊಳೆದಿಲ್ಲ, ಹುಳುವಿಗೆ ಹಾಕಿದ ಸೊಪ್ಪು ಬಾಡಿದೆ, ಮುದ್ದೆಯಲ್ಲಿ ಗಂಟಿದೆ ಅಂತ ಒಂದೇ ಬೆಳಿಗ್ಗೆ ಮೂರು ಸಲ ಸೊಸೆಯನ್ನು ತರಾಟೆಗೆ ತಗೊಂಡೆ. ವಯಸ್ಸಾಗಿ ಅತ್ತೆ ಮೆತ್ತಗಾಗಿದ್ದಾರೆ, ಎದುರು ಮಾತೇ ಇಲ್ಲ, ಹಸುವಿನಂಥವರಾಗಿದ್ದಾರೆ ಅಂತ ಈ ಎರಡು ತಿಂಗಳು ರತ್ನಮ್ಮ ಡೈರಿ ಮುಂದೆ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದಳಂತೆ. ಅವಳು ಒಳಗೆ ಹೋಗಿ ಮಗಳಿಗೆ ಮೆಲ್ಲಗೆ ಹೇಳಿದ್ದು ಗೋಡೆಯ ಈಚೆ ಕೂತ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಲೇ ಗಿರಿಜಾ, ನೀನು ಹೋಗೋವಾಗ ಆ ಮುಚ್ಚಳ ತಗೊಂಡೋಗ್ಬಿಡೇ. ನಮ್ಮ ಮನೆಗೆ ಆ ಸಾಂಬಾರ್ ಚಮಚಾನೇ ಸರಿ."